ಹೊಸ ರೆಸಿಡೆಂಟರಿಗೆ ಒಂದು ವಿಮೆಯ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ 1 ಕಳೆದು ಇನ್ನೂ ಎರಡು ವಾರವಾಗಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಹೊಸ ರೆಸಿಡೆಂಟ್ ವೈದ್ಯರು, ಅಂದರೆ ಪದವಿ ಮುಗಿಸಿ ಒಂದು ವಿಭಾಗದಲ್ಲಿ ತರಬೇತಿ ಪಡೆಯುವವರು, ಕೆಲಸಕ್ಕೆ ಸೇರುವ ದಿನ ಅದು. ಮೈಸೂರು, ಮಣಿಪಾಲ, ದಾವಣಗೆರೆ, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಎಂಬಿಬಿಎಸ್ ಓದಿ, ಇಲ್ಲಿನ ಪರೀಕ್ಷೆಗಳನ್ನು ದಾಟಿ, ಯಾರಿಗೆ ಯಾವ ಆಸ್ಪತ್ರೆ ಎಂದು ತಿಳಿಸುವ ಮಾರ್ಚ್ ತಿಂಗಳ ಮ್ಯಾಚ್ ದಿನ ಫಲಿತಾಂಶ ಕಂಡು ಊರಿಗೆ ಫೋನ್ ಮಾಡಿದವರು ಈಗ ವಾರ್ಡಿನಲ್ಲಿದ್ದಾರೆ. ಅವರಲ್ಲಿ ಒಬ್ಬರಾದರೂ ರಾತ್ರಿ ಪಾಳಿ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುತ್ತ ಈ ಮಾತನ್ನು ಕೇಳುತ್ತಿರಬಹುದು ಎಂದುಕೊಂಡು ನಾನು ಮಾತನಾಡುತ್ತಿದ್ದೇನೆ. ಊರಿನಲ್ಲಿ ಕುಳಿತು ಮೊಬೈಲಿನಲ್ಲಿ ಕೇಳುತ್ತಿರುವ ತಂದೆ ತಾಯಿಯರೂ ಇದ್ದರೆ ಇನ್ನೂ ಒಳ್ಳೆಯದು; ಏಕೆಂಬುದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ನನ್ನ ಕೆಲಸ ವೈದ್ಯರಿಗೆ ಡಿಸೆಬಿಲಿಟಿ ವಿಮೆ ಮಾಡಿಸಿಕೊಡುವುದು. ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯುವ ಶಕ್ತಿ ನಿಂತುಹೋದರೆ ತಿಂಗಳು ತಿಂಗಳು ವರಮಾನ ಕೊಡುವ ವಿಮೆ ಇದು. ಆಸ್ಪತ್ರೆಯ ಖರ್ಚು ಕೊಡುವ ಆರೋಗ್ಯ ವಿಮೆ ಬೇರೆ, ಸತ್ತ ಮೇಲೆ ಮನೆಯವರಿಗೆ ಹಣ ಕೊಡುವ ಜೀವ ವಿಮೆ ಬೇರೆ. ಈ ಕೆಲಸದಿಂದ ನನಗೆ ಕಮಿಷನ್ ಬರುತ್ತದೆ, ಅದನ್ನು ಮೊದಲೇ ತಿಳಿಸಿಬಿಡುತ್ತೇನೆ. ನೀವು ನನ್ನ ಬಳಿಗೇ ಬರಬೇಕೆಂದು ಹೇಳುತ್ತಿಲ್ಲ. ಯಾರ ಬಳಿಗಾದರೂ ಹೋಗಿ, ಆದರೆ ರೆಸಿಡೆನ್ಸಿಯ ಮೊದಲ ವರ್ಷದಲ್ಲೇ ಹೋಗಿ. ಇವತ್ತು ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೇ.

ಲೆಕ್ಕವನ್ನು ಒಮ್ಮೆ ನೋಡಿ. ರೆಸಿಡೆನ್ಸಿ ಮುಗಿಸಿ ವರ್ಷಕ್ಕೆ 3 ಲಕ್ಷ ಡಾಲರ್ ಸಂಪಾದಿಸುವ ವೈದ್ಯರೊಬ್ಬರು 35 ವರ್ಷ ದುಡಿದರೆ ಅವರ ಕೈಗೆ ಬರುವುದು ಒಂದು ಕೋಟಿ ಡಾಲರಿಗೂ ಮಿಕ್ಕಿದ ಹಣ. ಹಳೆಯ ಕಾರಿಗೆ ತಪ್ಪದೆ ವಿಮೆ ಕಟ್ಟುವವರು ಈ ಒಂದು ಕೋಟಿಯನ್ನು ಯಾವ ರಕ್ಷಣೆಯೂ ಇಲ್ಲದೆ ಬಿಟ್ಟಿರುತ್ತಾರೆ. ಕೇಳಿದರೆ "ಈಗ ಸಂಬಳ ಕಡಿಮೆ, ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ಈ "ಮುಂದಿನ ವರ್ಷ" ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಕಂತು ಕಟ್ಟಲು ಹಣ ಬೇಕು, ನಿಜ. ಆದರೆ ಪಾಲಿಸಿ ಸಿಗಬೇಕಾದರೆ ಆರೋಗ್ಯ ಬೇಕು, ಮತ್ತು ನಿಮ್ಮ ಇಡೀ ವೃತ್ತಿಜೀವನದಲ್ಲಿ ನೀವು ಅತ್ಯಂತ ಆರೋಗ್ಯವಾಗಿರುವುದು ಬಹುಶಃ ಈ ವರ್ಷವೇ.

ಇಲ್ಲಿ ನಿಮಗೆ ಧಾರವಾಡದ ಒಬ್ಬ ಎಲ್‌ಐಸಿ ಏಜೆಂಟರ ಸಂಗತಿಯನ್ನು ಹೇಳಬೇಕು. ಹೆಸರು ಹೇಳುವುದಿಲ್ಲ. ಸುಮಾರು ಹನ್ನೊಂದು ವರ್ಷಗಳ ಹಿಂದೆ ಒಂದು ದಿನ ಬೆಳಗಿನ ಜಾವ 4 ಗಂಟೆಗೆ ನನ್ನ ಫೋನ್ ಬಡಿದುಕೊಂಡಿತು. ಅವರ ಮಗಳು ಆ ವರ್ಷವೇ ಇಲ್ಲಿ ರೆಸಿಡೆನ್ಸಿಗೆ ಸೇರಿದ್ದಳು. ಒಂದು ವರ್ಷ ಇಂಟರ್ನ್, ಅನಂತರ ಮೂರು ವರ್ಷ ಕಣ್ಣಿನ ವಿಭಾಗ. ನಾನು ಅವಳಿಗೆ ಎರಡು ಪಾಲಿಸಿಗಳ ದರಪಟ್ಟಿ ಕಳಿಸಿದ್ದೆ, ಅವಳು ಅದನ್ನು ಅಪ್ಪನಿಗೆ ಕಳಿಸಿದ್ದಳು. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಪಾಲಿಸಿ ಮಾಡಿಸಿದ ಮನುಷ್ಯ ಅವರು. ಪೀಠಿಕೆಯಿಲ್ಲದೆ ಕೇಳಿದರು: "ನಮ್ಮ ಹುಡುಗಿ ಕೈಲೆ ಆಪರೇಷನ್ ಮಾಡಾಕಿ ಅದಾಳ್ರಿ. ನಾಳೆ ಕೈ ನಿಂತು ಬಾಯಿ ಒಂದು ಉಳೀತು ಅಂದ್ರ ನಿಮ್ಮ ಕಂಪನಿ ಏನಂತೈತಿ? ಬಾಯಿ ಐತಲ್ಲ, ಪಾಠ ಹೇಳಿ ದುಡಕೊಳ್ಳವಾ ಅಂತೈತೇನು?"

ನನ್ನ ಅಷ್ಟು ವರ್ಷದ ಅನುಭವದಲ್ಲಿ ಯಾವ ವೈದ್ಯರೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಈ ವಿಮೆಯಲ್ಲಿ "ಅಶಕ್ತತೆ" ಎಂದರೆ ಏನೆಂದು ಪಾಲಿಸಿಯೇ ವ್ಯಾಖ್ಯೆ ಮಾಡುತ್ತದೆ, ಮತ್ತು ಹಣ ಬರುವುದು ಬಿಡುವುದು ಆ ಒಂದು ವಾಕ್ಯದ ಮೇಲೆ ನಿಂತಿರುತ್ತದೆ. ಯಾವ ಕೆಲಸವನ್ನೂ ಮಾಡಲಾಗದಿದ್ದರೆ ಮಾತ್ರ ಹಣ ಎನ್ನುವ ಪಾಲಿಸಿ ವೈದ್ಯರಿಗೆ ಉಪಯೋಗವಿಲ್ಲ. ವೈದ್ಯರಿಗೆ ಬೇಕಾದದ್ದು "ಓನ್ ಆಕ್ಯುಪೇಷನ್", ಅಂದರೆ ಸ್ವಂತ ವೃತ್ತಿಯ ವ್ಯಾಖ್ಯೆ: ನಿಮ್ಮ ವಿಭಾಗದ ಮುಖ್ಯ ಕೆಲಸಗಳನ್ನು ನೀವು ಮಾಡಲಾಗದಿದ್ದರೆ ಪೂರ್ತಿ ಹಣ, ಬೇರೆ ಕೆಲಸ ಮಾಡಿ ದುಡಿದರೂ ಪೂರ್ತಿ ಹಣ.

ನಾನು ಕಳಿಸಿದ ಎರಡೂ ಓನ್ ಆಕ್ಯುಪೇಷನ್ ಪಾಲಿಸಿಗಳೇ ಎಂದು ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಬಾಂಡ್ ಕಳಿಸ್ರಿ, ಜಾಹೀರಾತಿನ ಕಾಗದ ಬ್ಯಾಡ" ಎಂದರು. ಮಾದರಿ ಪಾಲಿಸಿ ಪತ್ರಗಳನ್ನು ಕಳಿಸಿದೆ. ಮೂರು ದಿನ ಕಳೆದು ಮತ್ತೆ ಅದೇ 4 ಗಂಟೆಗೆ ಫೋನ್ ಬಂತು. ಅಗ್ಗದ ಪಾಲಿಸಿಯಲ್ಲಿ ಅವರು ಒಂದು "ಮತ್ತು" ಕಂಡುಹಿಡಿದಿದ್ದರು. ಸ್ವಂತ ವೃತ್ತಿಯ ಕೆಲಸ ಮಾಡಲಾಗದಿದ್ದರೆ, ಮತ್ತು ಬೇರೆ ಯಾವ ವೃತ್ತಿಯಲ್ಲೂ ತೊಡಗಿರದಿದ್ದರೆ, ಎಂದು ಅಲ್ಲಿ ಬರೆದಿತ್ತು. ಹಾಗೆಂದರೆ ಕೈ ನಿಂತ ಕಣ್ಣಿನ ವೈದ್ಯೆ ಮನೆಯಲ್ಲಿ ಸುಮ್ಮನೆ ಕುಳಿತರೆ ಹಣ ಬರುತ್ತದೆ, ಕಾಲೇಜಿನಲ್ಲಿ ಪಾಠ ಹೇಳಲು ಹೋದರೆ ನಿಲ್ಲುತ್ತದೆ. ಆ ಅಗ್ಗದ್ದನ್ನು ಪಟ್ಟಿಯಲ್ಲಿ ಮೊದಲು ಇಟ್ಟವನು ನಾನೇ, ಮತ್ತು ಆ ಸಾಲನ್ನು ನಾನು ಅವಳಿಗೆ ಓದಿ ಹೇಳಿರಲಿಲ್ಲ. ಅಂದಿನಿಂದ ಇಂದಿನವರೆಗೆ ಆ ಸಾಲನ್ನು ಜೋರಾಗಿ ಓದಿ ಹೇಳದೆ ನಾನು ಯಾರ ಸಹಿಯನ್ನೂ ತೆಗೆದುಕೊಂಡಿಲ್ಲ.

ಅವರ ಎರಡನೆಯ ಪ್ರಶ್ನೆ ಕಾಯುವ ಅವಧಿಯದು. ಸಾಮಾನ್ಯವಾಗಿ ಈ ಪಾಲಿಸಿಗಳಲ್ಲಿ ಅಶಕ್ತತೆ ಶುರುವಾಗಿ 90 ದಿನ ಕಳೆದ ಮೇಲಿನ ತಿಂಗಳುಗಳಿಗೆ ಮಾತ್ರ ಹಣ ಲೆಕ್ಕವಾಗುತ್ತದೆ, ಮೊದಲ ಚೆಕ್ ಕೈಗೆ ಬರುವಷ್ಟರಲ್ಲಿ ನಾಲ್ಕು ತಿಂಗಳಾಗಿರುತ್ತದೆ. ಆ ನಾಲ್ಕು ತಿಂಗಳ ಖರ್ಚನ್ನು ಮಗಳು ಬ್ಯಾಂಕಿನಲ್ಲಿ ಬೇರೆಯಾಗಿ ಇಡುವವರೆಗೂ ಅವರು ಬಿಡಲಿಲ್ಲ. ಮೂರನೆಯ ಪ್ರಶ್ನೆ, ಈಗ ಸಣ್ಣ ಮೊತ್ತಕ್ಕೆ ಮಾಡಿಸಿದರೆ ಮುಂದೆ ಹೆಚ್ಚಿಸುವಾಗ ಕಂಪನಿ ಮತ್ತೆ ರಕ್ತ ಪರೀಕ್ಷೆ ಕೇಳುತ್ತದೆಯೇ ಎಂಬುದು. ಇದಕ್ಕೆ ಒಂದು ರೈಡರ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಷರತ್ತು, ಇದೆ. ಅದನ್ನು ಸೇರಿಸಿಕೊಂಡರೆ ಮುಂದೆ ಸಂಬಳ ಏರಿದಾಗ ಅದರ ದಾಖಲೆ ತೋರಿಸಿ ಮೊತ್ತವನ್ನು ಹೆಚ್ಚಿಸಿಕೊಳ್ಳಬಹುದು. ಆರೋಗ್ಯದ ಪ್ರಶ್ನೆ ಮತ್ತೆ ಬರುವುದಿಲ್ಲ. ರೆಸಿಡೆಂಟರ ಪಾಲಿಸಿಯಲ್ಲಿ ಇದಕ್ಕಿಂತ ಮುಖ್ಯವಾದ ರೈಡರ್ ಇಲ್ಲವೆಂದು ನಾನು ಹೇಳುತ್ತೇನೆ.

ಅವಳು ಅಕ್ಟೋಬರಿನಲ್ಲಿ, ಮೊದಲ ವರ್ಷದಲ್ಲೇ, ತಿಂಗಳಿಗೆ 5,000 ಡಾಲರಿನ ಪಾಲಿಸಿ ಮಾಡಿಸಿದಳು. ವಯಸ್ಸು 29, ಯಾವ ಕಾಯಿಲೆಯೂ ಇರಲಿಲ್ಲ. ರೆಸಿಡೆನ್ಸಿ ಮುಗಿಯಿತು, ಅನಂತರ ಕಣ್ಣಿನ ಒಳಪದರವಾದ ರೆಟಿನಾದ ಶಸ್ತ್ರಚಿಕಿತ್ಸೆಯಲ್ಲಿ ಫೆಲೋಶಿಪ್, ಅಂದರೆ ಇನ್ನೂ ಮೇಲಿನ ತರಬೇತಿ, ಎರಡು ವರ್ಷ. ಅದರ ಎರಡನೆಯ ವರ್ಷದಲ್ಲಿ ಬೆಳಿಗ್ಗೆ ಎದ್ದಾಗ ಬೆರಳಿನ ಕೀಲುಗಳು ಬಿಗಿದುಕೊಳ್ಳಲು ಶುರುವಾಯಿತು. ರುಮಟಾಯ್ಡ್ ಸಂಧಿವಾತ. ಆ ದಿನ ಅವಳು ಹೊಸದಾಗಿ ವಿಮೆಗೆ ಅರ್ಜಿ ಹಾಕಿದ್ದರೆ ಯಾವ ಕಂಪನಿಯೂ ಅವಳಿಗೆ ಬೇಕಾದ ಪಾಲಿಸಿಯನ್ನು ಕೊಡುತ್ತಿರಲಿಲ್ಲ. ಆದರೆ ಫೆಲೋಶಿಪ್ ಮುಗಿಸಿ ಕೆಲಸಕ್ಕೆ ಸೇರಿದಾಗ, ಆ ರೈಡರ್ ಇದ್ದುದರಿಂದ, 5,000 ಡಾಲರನ್ನು 11,000ಕ್ಕೆ ಏರಿಸಿಕೊಂಡಳು. ಕಂಪನಿ ಸಂಬಳದ ಪತ್ರ ಕೇಳಿತು, ಕೀಲುಗಳ ವಿಷಯ ಕೇಳಲಿಲ್ಲ.

ಅದಾಗಿ ಹದಿನಾಲ್ಕು ತಿಂಗಳಿಗೆ ಅವಳೇ ಶಸ್ತ್ರಚಿಕಿತ್ಸೆ ನಿಲ್ಲಿಸಿದಳು. ಔಷಧಿಯಿಂದ ನೋವು ಹತೋಟಿಗೆ ಬಂದಿತ್ತು, ಅಡುಗೆ ಮಾಡುತ್ತಿದ್ದಳು, ಕಾರು ಓಡಿಸುತ್ತಿದ್ದಳು. ಆದರೆ ಕಣ್ಣಿನ ಒಳಗೆ, ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ಪೊರೆಯನ್ನು ಎತ್ತುವ ಕೈ ಅದಾಗಿರಲಿಲ್ಲ. ಕಂಪನಿಯವರು ಅವಳು ಹಿಂದಿನ ತಿಂಗಳುಗಳಲ್ಲಿ ಯಾವ ಯಾವ ಶಸ್ತ್ರಚಿಕಿತ್ಸೆಗಳನ್ನು ಎಷ್ಟು ಮಾಡಿದ್ದಳೆಂಬ ಬಿಲ್ಲಿನ ದಾಖಲೆಗಳನ್ನು ತರಿಸಿಕೊಂಡು, ಅವಳ ವೃತ್ತಿ ರೆಟಿನಾ ಶಸ್ತ್ರಚಿಕಿತ್ಸೆಯೇ ಎಂದು ಒಪ್ಪಿದರು. ಈಗ ಅವಳು ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಆ ಸಂಬಳವೂ ಬರುತ್ತದೆ, ವಿಮೆಯ ಹಣವೂ ಬರುತ್ತದೆ. 67 ವರ್ಷ ತುಂಬುವವರೆಗೆ ಆ ಹಣ ಬರಬೇಕು. ಅಪ್ಪ ಹುಡುಕಿದ ಆ "ಮತ್ತು" ಇಲ್ಲದ ಪಾಲಿಸಿ ಅದು.

ಊರಿನ ತಂದೆ ತಾಯಿಯರು ಕೇಳುತ್ತಿದ್ದರೆ ಒಳ್ಳೆಯದೆಂದು ಹೇಳಿದ್ದು ಇದಕ್ಕಾಗಿ. ಮಕ್ಕಳಿಗೆ ವಾರಕ್ಕೆ 80 ಗಂಟೆಯವರೆಗೂ ಕೆಲಸ, ಅವರಿಗೆ ಪಾಲಿಸಿ ಓದುವ ಪುರಸತ್ತಿಲ್ಲ. ಭಾನುವಾರ ಫೋನ್ ಮಾಡಿದಾಗ ಊಟವಾಯಿತೇ ಎಂದು ಕೇಳುವುದರ ಜೊತೆಗೆ, ವಿಮೆ ಮಾಡಿಸಿದೆಯೇ ಎಂದೂ ಕೇಳಿ.

ನನಗೆ ಕೊಟ್ಟ ಸಮಯದಲ್ಲಿ ಬಹುಪಾಲು ಇಲ್ಲೇ ಮುಗಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

"ನಮ್ಮ ಆಸ್ಪತ್ರೆಯೇ ವಿಮೆ ಕೊಟ್ಟಿದೆ" ಎನ್ನುವವರಿಗೆ ಒಂದು ಮಾತು. ಆಸ್ಪತ್ರೆಯ ಗುಂಪು ವಿಮೆ ಸಾಮಾನ್ಯವಾಗಿ ಸಂಬಳದ ಶೇಕಡ 60ರಷ್ಟು ಕೊಡುತ್ತದೆ. 65,000 ಡಾಲರ್ ಸಂಬಳಕ್ಕೆ ಅದು ತಿಂಗಳಿಗೆ 3,250 ಡಾಲರ್ ಆಯಿತು. ಕಂತನ್ನು ಆಸ್ಪತ್ರೆ ಕಟ್ಟಿದ್ದರೆ ಆ ಹಣಕ್ಕೆ ಆದಾಯ ತೆರಿಗೆಯೂ ಇದೆ. ತೆರಿಗೆ ಕಳೆದ ಸ್ವಂತ ಹಣದಿಂದ ನೀವೇ ಕಂತು ಕಟ್ಟಿದ ಪಾಲಿಸಿಯ ಹಣಕ್ಕೆ ತೆರಿಗೆ ಇಲ್ಲ. ಆಸ್ಪತ್ರೆ ಬಿಟ್ಟ ದಿನ ಗುಂಪು ವಿಮೆ ಹಿಂದೆಯೇ ಉಳಿಯುತ್ತದೆ. ಇನ್ನು ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಯೋಜನೆಯ ಅಶಕ್ತತೆಯ ನೆರವು ಇದೆಯಲ್ಲ ಎಂದರೆ, ಅದು ಯಾವ ಉದ್ಯೋಗವನ್ನೂ ಮಾಡಲಾಗದವರಿಗೆ ಮಾತ್ರ. ಅದಕ್ಕೂ ಕೆಲವು ವರ್ಷ ಇಲ್ಲಿ ದುಡಿದು ಸೋಷಿಯಲ್ ಸೆಕ್ಯುರಿಟಿಯ ತೆರಿಗೆ ಕಟ್ಟಿರಬೇಕು. ನಿನ್ನೆ ಬಂದಿಳಿದವರು ಅದನ್ನು ನಂಬಿ ಕೂರುವಂತಿಲ್ಲ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಎರಡು. ಒಂದು, ವೀಸಾ. ಜೆ-1, ಎಚ್-1ಬಿ, ಗ್ರೀನ್ ಕಾರ್ಡ್, ಇವುಗಳಿಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ನಿಯಮವಿದೆ. ಒಂದು ಕಡೆ ಆಗದು ಎಂದರೆ ಇನ್ನೊಂದು ಕಡೆ ಆಗಬಹುದು, ಆದ್ದರಿಂದ ಒಂದೇ ಕಂಪನಿಯ ಪಾಲಿಸಿ ಮಾರುವವರ ಬಳಿ ಹೋಗದೆ ಹಲವು ಕಂಪನಿಗಳ ದರ ತರಿಸಿಕೊಡುವವರ ಬಳಿ ಹೋಗಿ. ಗಾರ್ಡಿಯನ್, ಪ್ರಿನ್ಸಿಪಲ್, ಅಮೆರಿಟಾಸ್, ಮಾಸ್‌ಮ್ಯೂಚುವಲ್, ಸ್ಟ್ಯಾಂಡರ್ಡ್, ವೈದ್ಯರ ನಡುವೆ ಹೆಚ್ಚಾಗಿ ಕೇಳಿಬರುವ ಹೆಸರುಗಳು ಇವು. ಎರಡು, ವಾಸದ ಪ್ರಶ್ನೆ. ಕೈಲಾಗದೆ ಮಲಗಿದಾಗ ನಾವು ನೆನೆಯುವುದು ಅಮ್ಮನ ಮನೆಯನ್ನು. ಆದರೆ ಕೆಲವು ಪಾಲಿಸಿಗಳು ಅಮೆರಿಕ, ಕೆನಡಾ ಬಿಟ್ಟು ಹೊರಗೆ ನೆಲೆಸಿದವರಿಗೆ ಒಂದು ವರ್ಷದ ಮೇಲೆ ಹಣ ಕೊಡುವುದಿಲ್ಲ. ಶಿವಮೊಗ್ಗಕ್ಕೆ ಹೋಗಿ ನೆಲೆಸಿದರೂ ನನಗೆ ಹಣ ಬರುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಪಾಲಿಸಿಯ ಪುಟದಲ್ಲಿ ತೋರಿಸಲು ಹೇಳಿ.

ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಔಷಧಿ ಅಂಗಡಿಯ ದಾಖಲೆಯೂ ಕಂಪನಿಯ ಕೈಗೆ ಸಿಗುತ್ತದೆ. ಬೆನ್ನುನೋವಿಗೆ ಒಮ್ಮೆ ತೋರಿಸಿಕೊಂಡದ್ದಕ್ಕೆ ಬೆನ್ನುಮೂಳೆಯನ್ನೇ ಪಾಲಿಸಿಯಿಂದ ಹೊರಗಿಡಬಹುದು, ಆಪ್ತ ಸಮಾಲೋಚಕರನ್ನು ಕಂಡದ್ದಕ್ಕೆ ಮಾನಸಿಕ ಕಾಯಿಲೆಗಳನ್ನು ಹೊರಗಿಡಬಹುದು. ನೋವಾದರೆ, ಮನಸ್ಸು ಕುಗ್ಗಿದರೆ ವೈದ್ಯರ ಬಳಿ ಹೋಗಲೇಬೇಕು, ಅದನ್ನು ವಿಮೆಗಾಗಿ ತಡೆಯಬಾರದು. ಅದಕ್ಕೇ ಮೊದಲ ವರ್ಷದಲ್ಲೇ ಎಂದು ನಾನು ಹಟ ಹಿಡಿಯುವುದು. ಅರ್ಧ ದಿನ ಮಾತ್ರ ದುಡಿಯಲು ಸಾಧ್ಯವಾದರೆ ನಷ್ಟದ ಪಾಲನ್ನು ಕೊಡುವ ರೈಡರನ್ನೂ ಬಿಡಬೇಡಿ. ಮದುವೆಯೂ ಆಗದ ರೆಸಿಡೆಂಟರಿಗೆ ಬದುಕಿರುವವರೆಗೂ ನಡೆಯುವ ದುಬಾರಿ ಹೋಲ್ ಲೈಫ್ ಜೀವ ವಿಮೆಯನ್ನು ಇದರ ಜೊತೆ ಅಂಟಿಸಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ.

ಕೊನೆಯದಾಗಿ, ಎಲ್ಲಿಯೂ ಅರ್ಜಿ ಹಾಕುವ ಮೊದಲು ನಿಮ್ಮ ಆಸ್ಪತ್ರೆಯ ಜಿಎಂಇ ಕಚೇರಿಗೆ, ಅಂದರೆ ರೆಸಿಡೆಂಟರ ತರಬೇತಿ ನೋಡಿಕೊಳ್ಳುವ ಕಚೇರಿಗೆ ಹೋಗಿ, ಆರೋಗ್ಯದ ಪ್ರಶ್ನೆ ಕೇಳದೆ ರೆಸಿಡೆಂಟರಿಗೆ ಕೊಡುವ ಪಾಲಿಸಿ ಇಲ್ಲಿದೆಯೇ ಎಂದು ವಿಚಾರಿಸಿ. ಕೆಲವು ಆಸ್ಪತ್ರೆಗಳಲ್ಲಿ ಅದು ಇದೆ. ಆದರೆ ಬೇರೆ ಕಡೆ ಅರ್ಜಿ ಹಾಕಿ ತಿರಸ್ಕೃತರಾದವರಿಗೆ ಆ ಬಾಗಿಲು ಮುಚ್ಚಿಹೋಗಬಹುದು, ಆದ್ದರಿಂದ ಈ ಕ್ರಮ ತಪ್ಪಬಾರದು. ರೆಸಿಡೆಂಟರಿಗೆ ಮಾತ್ರ ಸಿಗುವ ರಿಯಾಯಿತಿ ಇದೆಯೇ, ಹೆಂಗಸರಿಗೂ ಗಂಡಸರಿಗೂ ಒಂದೇ ದರ ಇದೆಯೇ ಎಂಬುದನ್ನೂ ಅಲ್ಲೇ ಕೇಳಿ. ಒಂಟಿಯಾಗಿ ಕೊಳ್ಳುವಾಗ ಸಾಮಾನ್ಯವಾಗಿ ಹೆಂಗಸರಿಗೆ ದರ ಹೆಚ್ಚು. ರಾತ್ರಿ ಪಾಳಿಯವರಾದರೆ ನಾಳೆ ಬೆಳಿಗ್ಗೆ ಪಾಳಿ ಮುಗಿದ ಕೂಡಲೆ, ಕಾರು ಹತ್ತುವ ಮೊದಲು ಆ ಕಚೇರಿಗೆ ಹೋಗಿಬನ್ನಿ.

ನಮಸ್ಕಾರ.