ಬ್ಲಾಕ್ ತಂದಿದ್ದೀರಾ?

ಕೇಳುಗರಿಗೆ ನಮಸ್ಕಾರ.

ನಾನು ಡೊಂಬಿವಲಿಯವಳು. ಮುಂಬಯಿಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದವಳು. ಇವತ್ತು ನನ್ನ ಹೊಟ್ಟೆಯಲ್ಲಿದ್ದ ಒಂದು ಗಡ್ಡೆಯ ಬಗ್ಗೆ ಹೇಳುತ್ತೇನೆ. ಅದಕ್ಕಿಂತ ಜಾಸ್ತಿ, ಆ ಗಡ್ಡೆಯಿಂದ ಕತ್ತರಿಸಿ ಮೇಣದಲ್ಲಿ ಕೂರಿಸಿಟ್ಟ ಒಂದು ಚೂರಿನ ಬಗ್ಗೆ.

ನಾಲ್ಕು ವರ್ಷದ ಹಿಂದಿನ ಮಾತು. ಶುರುವಾಗಿದ್ದು ಸುಸ್ತಿನಿಂದ. ಸ್ಟೇಷನ್ನಿನ ಸೇತುವೆ ಹತ್ತುವಾಗ ಎರಡು ಸಲ ನಿಲ್ಲಬೇಕಾಗುತ್ತಿತ್ತು. ವಯಸ್ಸಾಯಿತು, ಬೇಸಿಗೆ ಬೇರೆ, ಅಂತ ಸುಮ್ಮನಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.8. ಕಬ್ಬಿಣದ ಮಾತ್ರೆ ಕೊಟ್ಟರು. ಮಲ ಕಪ್ಪಗೆ ಹೋಗುತ್ತಿದೆ ಅಂದರೆ, ಈ ಮಾತ್ರೆಗೆ ಹಾಗೇ ಆಗುತ್ತದೆ ಅಂದರು. ಆಗುತ್ತದೆ, ನಿಜ. ಆದರೆ ಮಾತ್ರೆ ಶುರು ಮಾಡುವ ಮೊದಲೂ ಕಪ್ಪಗೇ ಇತ್ತು, ಡಾಂಬರಿನ ಹಾಗೆ ಅಂಟಂಟು. ಅದನ್ನು ನಾನು ಹೇಳಲಿಲ್ಲ. ನಾಚಿಕೆ. ಮನೆಯಲ್ಲಿ ಇವರ ಹತ್ತಿರವೂ ಹೇಳಲಿಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಮಲ ಹಾಗಾಗುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಬಾಯಿ ಬಿಟ್ಟು ಹೇಳಿ, ದಯವಿಟ್ಟು. ನನ್ನ ಮೂರು ತಿಂಗಳು ಈ ನಾಚಿಕೆಯಲ್ಲೇ ಹೋಯಿತು.

ಆಮೇಲೆ ಎಂಡೋಸ್ಕೋಪಿ ಆಯಿತು, ಬಾಯಿಂದ ಕ್ಯಾಮರಾ ಇರುವ ಕೊಳವೆ ಇಳಿಸಿ ನೋಡುವುದು. ಜಠರದ ಒಳಪದರ ಕೆಳಗಿನಿಂದ ಯಾರೋ ತಳ್ಳಿದ ಹಾಗೆ ಉಬ್ಬಿತ್ತು, ಅದರ ನೆತ್ತಿಯಲ್ಲಿ ಒಂದು ಸಣ್ಣ ಹುಣ್ಣು. ರಕ್ತ ಬರುತ್ತಿದ್ದದ್ದು ಅಲ್ಲಿಂದಲೇ. ಮೇಲಿನಿಂದ ಚಿವುಟಿ ತೆಗೆದ ಚೂರಿನಲ್ಲಿ ಏನೂ ಸಿಗಲಿಲ್ಲ, ಯಾಕೆಂದರೆ ಗಡ್ಡೆ ಇದ್ದದ್ದು ಪದರದ ಅಡಿಯಲ್ಲಿ, ಜಠರದ ಗೋಡೆಯೊಳಗೆ. ಸಿಟಿ ಸ್ಕ್ಯಾನಿನಲ್ಲಿ 8 ಸೆಂಟಿಮೀಟರ್ ಅಂತ ಬಂತು. ಒಂದು ಮೂಸಂಬಿಯಷ್ಟು. ಮನೆ ಹತ್ತಿರದ ನರ್ಸಿಂಗ್ ಹೋಮಿನಲ್ಲೇ ಆಪರೇಷನ್ ಆಯಿತು. ಚೆನ್ನಾಗಿಯೇ ಮಾಡಿದರು.

ತೊಂದರೆ ಬಂದದ್ದು ಹತ್ತು ದಿನದ ಮೇಲೆ, ರಿಪೋರ್ಟಿನಲ್ಲಿ. ಲಿಯೋಮಯೋಸಾರ್ಕೋಮಾ ಅಂತ ಬರೆದಿತ್ತು, ಅಂದರೆ ಸ್ನಾಯುವಿನ ಕ್ಯಾನ್ಸರು. ಆರು ಕೀಮೋ ಬೇಕು ಅಂದರು. ತಾರೀಕೂ ಗೊತ್ತಾಯಿತು. ಅಕ್ಕ ಧಾರವಾಡದಿಂದ ಹೊರಟು ಬಂದಳು, ನನ್ನ ಕೂದಲು ಉದುರುವ ಮೊದಲು ಒಂದು ಫೋಟೊ ತೆಗೆಸೋಣ ಅಂತ ಮಗ ಹೇಳಿ ಆಮೇಲೆ ಒಳಗೆ ಹೋಗಿ ಅತ್ತ. ಅವನೇ ಮಾರನೇ ದಿನ ಹಟ ಹಿಡಿದ: "ಅಮ್ಮ, ಒಂದು ಸಲ ಪರೇಲಿನಲ್ಲಿ ತೋರಿಸೋಣ. ಆಮೇಲೆ ನೀನು ಹೇಳಿದ ಹಾಗೆ."

ಪರೇಲ್ ಅಂದರೆ ಟಾಟಾ ಮೆಮೋರಿಯಲ್ ಆಸ್ಪತ್ರೆ. 1941ರಲ್ಲಿ ಶುರುವಾದದ್ದು. ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಹೊರಗಿನ ಫುಟ್‌ಪಾತಿನಲ್ಲೇ ಮಲಗಿದವರನ್ನು ನೋಡಿ ನನ್ನ ಕಾಲು ನಡುಗಿತು. ಅಲ್ಲಿ ನನ್ನ ಫೈಲು ತಿರುವಿದವರು ಕೇಳಿದ್ದು ಒಂದೇ ಮಾತು. "ಬ್ಲಾಕ್ ಕುಠೆ ಆಹೆ?" ಬ್ಲಾಕ್ ಎಲ್ಲಿ?

ಬ್ಲಾಕ್ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಮುಳುಗಿಸಿ ಗಟ್ಟಿ ಮಾಡುತ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರಿಂದ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರ ಕತ್ತರಿಸಿ, ಗಾಜಿನ ಮೇಲಿಟ್ಟು, ಬಣ್ಣ ಹಾಕಿ ನೋಡುತ್ತಾರೆ. ಆ ಗಾಜು ಸ್ಲೈಡ್. ಬ್ಲಾಕ್ ವರ್ಷಗಟ್ಟಲೆ ಇರುತ್ತದೆ, ಬೇಕಾದಾಗ ಮತ್ತೆ ಕತ್ತರಿಸಿ ಮತ್ತೆ ಪರೀಕ್ಷೆ ಮಾಡಬಹುದು. ಅದು ನಮ್ಮದೇ ಮೈಯ ಚೂರು, ಕೇಳಿ ಪಡೆಯಬಹುದು. ಆದರೂ ಮೊದಲ ರಿಪೋರ್ಟು ಕೊಟ್ಟ ಲ್ಯಾಬಿನವರು ನಮ್ಮನ್ನು ಮೂರು ಸಲ ತಿರುಗಿಸಿದರು. ನಾಳೆ ಬನ್ನಿ, ಸಾಹೇಬರಿಲ್ಲ, ಸಿಗುತ್ತಿಲ್ಲ. ನಾಲ್ಕನೇ ಸಲ ಇವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಸಂಜೆ ಆರಕ್ಕೆ ಸಿಕ್ಕಿತು.

ಆ ಚೂರಿಗೆ ಬೇರೆ ಬಣ್ಣ ಹಾಕಿದರು. ಸಿಡಿ 117 ಅಂತ ಒಂದು ಪರೀಕ್ಷೆ, ಡಾಗ್ 1 ಅಂತ ಇನ್ನೊಂದು. ಎರಡೂ ಪಾಸಿಟಿವ್. ಸ್ನಾಯುವಿನ ಕ್ಯಾನ್ಸರೇ ಅಲ್ಲ. ಜಿಸ್ಟ್ ಅಂತ ಹೆಸರು. ಕನ್ನಡದಲ್ಲಿ ಅದಕ್ಕೊಂದು ಮಾತಿಲ್ಲ. ನಾವು ಉಂಡದ್ದನ್ನು ಜಠರ, ಕರುಳು ಹಿಂಡಿ ಹಿಂಡಿ ಮುಂದೆ ತಳ್ಳುತ್ತವಲ್ಲ, ಅದಕ್ಕೆ ತಾಳ ಹಾಕುವ ಜೀವಕೋಶಗಳಿವೆ, ಅಂಥ ಕೋಶಗಳ ಜಾತಿಯ ಗಡ್ಡೆ ಇದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 10ರಿಂದ 15 ಮಂದಿಗೆ ಬರುತ್ತದೆ. ಹಿಂದೆ ಇದನ್ನು ಸ್ನಾಯುವಿನ ಗಡ್ಡೆ ಅಂತಲೇ ಎಣಿಸುತ್ತಿದ್ದರು. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಅವರ ಜೊತೆಯವರು ಕಿಟ್ ಅನ್ನುವ ಜೀನ್ ಕೆಟ್ಟು ಈ ಗಡ್ಡೆ ಬೆಳೆಯುತ್ತದೆ ಅಂತ ತೋರಿಸಿದರು. 2000ದಲ್ಲಿ ಫಿನ್ಲೆಂಡಿನಲ್ಲಿ 50 ವರ್ಷದ ಒಬ್ಬ ಹೆಂಗಸಿಗೆ ಮೊದಲ ಸಲ ಇಮಾಟಿನಿಬ್ ಮಾತ್ರೆ ಕೊಟ್ಟರು. ಗಡ್ಡೆಗಳು ಕುಗ್ಗಿದವು. ಆ ತಾಯಿಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ.

ಮಾಮೂಲಿ ಕೀಮೋಗೆ ಈ ಗಡ್ಡೆ ಬಗ್ಗುವುದಿಲ್ಲ ಅಂತಲೇ ಹೇಳಬಹುದು. ಅಂದರೆ ಹೆಸರು ತಪ್ಪಾಗಿಯೇ ಉಳಿದಿದ್ದರೆ ನಾನು ಆರು ಕೀಮೋ ತಿಂದು, ಬೇಕಾದ ಮಾತ್ರೆ ಮಾತ್ರ ತಿನ್ನದೆ ಕೂರುತ್ತಿದ್ದೆ. ಜೀನ್ ಪರೀಕ್ಷೆಯನ್ನೂ ಅದೇ ಬ್ಲಾಕಿನಿಂದ ಮಾಡಿದರು. ಜಿಸ್ಟ್‌ನಲ್ಲೂ ಕೆಲವು ಬಗೆಗೆ ಇಮಾಟಿನಿಬ್ ನಾಟುವುದಿಲ್ಲ. ನನ್ನದು ನಾಟುವ ಬಗೆ. ಆದರೆ ಮತ್ತೆ ಬರುವ ಅಪಾಯ ಜಾಸ್ತಿ ಇತ್ತು, ಅದಕ್ಕೇ ಮೂರು ವರ್ಷ, ದಿನಕ್ಕೆ 400 ಮಿಲಿಗ್ರಾಂ, ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು.

ಹಣದ ಮಾತು ಬಿಡುವ ಹಾಗಿಲ್ಲ. ಈ ಮಾತ್ರೆಯನ್ನು ಮೊದಲು ತಂದ ನೊವಾರ್ಟಿಸ್ ಕಂಪನಿಯ ಬೆಲೆ ಒಂದು ಕಾಲಕ್ಕೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲಿತ್ತು. ಪೇಟೆಂಟ್ ಬೇಕು, ಅಂದರೆ ಬೇರೆ ಯಾರೂ ಇದನ್ನು ಮಾಡಿ ಮಾರಬಾರದು, ಅಂತ ನೊವಾರ್ಟಿಸ್ ಹೂಡಿದ ಕೇಸನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಆಗಲೇ ನಮ್ಮ ದೇಶದ ಕಂಪನಿಗಳು ಅದೇ ಔಷಧವನ್ನು ಬಹಳ ಕಡಿಮೆಗೆ ಮಾಡುತ್ತಿದ್ದವು, ಅದು ನಿಲ್ಲಲಿಲ್ಲ. ಇವರ ಪೆನ್ಷನ್ನಿನಲ್ಲಿ ನಾನು ಮೂರು ವರ್ಷ ಮಾತ್ರೆ ತಿಂದದ್ದು ಹೀಗೆ.

ಕೂದಲು ಉದುರಲಿಲ್ಲ. ಬೆಳಿಗ್ಗೆ ಕಣ್ಣಿನ ಸುತ್ತ ಊತ ಇರುತ್ತಿತ್ತು, ರಾತ್ರಿ ಮೀನಖಂಡ ಹಿಡಿದುಕೊಂಡು ಇವರನ್ನು ಎಬ್ಬಿಸುತ್ತಿದ್ದೆ. ನೋಡುವವರಿಗೆ ಕಾಯಿಲೆಯೇ ಕಾಣದು. ಲೋಕಲ್ ಟ್ರೇನಿನಲ್ಲಿ ಅಂಗವಿಕಲರ ಡಬ್ಬದಲ್ಲಿ ಕ್ಯಾನ್ಸರ್ ರೋಗಿಗಳೂ ಹತ್ತಬಹುದು. ನಾನು ಹತ್ತಿದರೆ, ನಿನಗೇನಾಗಿದೆ ಅನ್ನುವ ಹಾಗೆ ನೋಡುವರು. ಎದೆಗೆ ಫೈಲು ಒತ್ತಿಕೊಂಡು ನಿಲ್ಲುತ್ತಿದ್ದೆ. ಒಂದು ದಿನ ಕುರ್ಲಾದಲ್ಲಿ ಹತ್ತಿದ ಕುರುಡ ಮುದುಕರೊಬ್ಬರು ನನ್ನ ದನಿ ಕೇಳಿಯೇ "ಬಸಾ, ತಾಈ", ಕೂತುಕೊಳ್ಳಿ ಅಕ್ಕ, ಅಂತ ಸರಿದು ಜಾಗ ಕೊಟ್ಟರು.

ಕಳೆದ ವರ್ಷ ಮಾತ್ರೆ ಮುಗಿಯಿತು. ಈಗ ಸ್ಕ್ಯಾನು ಮಾತ್ರ. ಸ್ಕ್ಯಾನಿನ ಹಿಂದಿನ ವಾರ ಈಗಲೂ ನಿದ್ದೆ ಬರುವುದಿಲ್ಲ.

ಶನಿವಾರ ದಾದರಿಗೆ ಹೋಗುತ್ತೇನೆ, ಗಾಡಗೆ ಮಹಾರಾಜ್ ಧರ್ಮಶಾಲೆಗೆ. ಪರೇಲಿಗೆ ಬಂದ ರೋಗಿಗಳು ಅಲ್ಲಿ ಇಳಿದುಕೊಳ್ಳುತ್ತಾರೆ. ಕಲಬುರಗಿ, ವಿಜಯಪುರ ಕಡೆಯವರು ಸಿಕ್ಕರೆ ಫಾರಂ ತುಂಬಿಕೊಡುತ್ತೇನೆ, ಮರಾಠಿ ಹೇಳಿಕೊಡುತ್ತೇನೆ. ಮೊದಲು ಕೇಳುವುದು ಇದನ್ನೇ, ಬ್ಲಾಕ್ ತಂದಿದ್ದೀರಾ? ಹೋದ ವಾರ ಸಿಂದಗಿ ಕಡೆಯ ಒಬ್ಬ ಹುಡುಗ, ತಂದೆಯನ್ನು ಕರೆತಂದವನು, ಗಾಬರಿಯಿಂದ "ಅದೇನ್ರಿ ಅಕ್ಕಾರ?" ಅಂದ. ವಿವರಿಸಿದೆ. ಅವರಪ್ಪ ಮಾತಾಡದೆ ಚೀಲ ಬಿಚ್ಚಿ, ಜೋಳದ ರೊಟ್ಟಿ ಸುತ್ತಿದ್ದ ಧೋತರದ ಒಳಗಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದರು. "ಡಾಕ್ಟರ್ ಜ್ವಾಪಾನ ಮಾಡು ಅಂದಿದ್ರವ್ವ" ಅಂದರು. ನೋಡಿದೆ. ಎರಡು ಬ್ಲಾಕು, ನಂಬರು ಸಮೇತ. ಬಿಸಿಲಲ್ಲಿ ಇಡಬೇಡಿ, ಮೇಣ ಕರಗುತ್ತದೆ ಅಂತ ಹೇಳಿ, ಸೋಮವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ ಗೇಟಿನ ಹತ್ತಿರ ಸಿಗುತ್ತೇನೆ ಅಂದೆ.

ನಮಸ್ಕಾರ.