ಟೋಲ್ ನಾಕಾದಿಂದ ನವನಗರಕ್ಕೆ, ಪೇಡೆ ಜೊತೆ

ನಮಸ್ಕಾರ. ಈಗ ಬೆಳಿಗ್ಗೆ ಐದೂ ಮುಕ್ಕಾಲು, ಧಾರವಾಡದ ಟೋಲ್ ನಾಕಾ. ಮಂಜು ಇನ್ನೂ ಹರಿದಿಲ್ಲ, ಚಿಗರಿ ಬಸ್ಸಿನ ಲೈಟ್ ಮಾತ್ರ ಕಾಣುತ್ತಿದೆ. ಇವಳು ಪೇಡೆ, ನನ್ನ ನಾಯಿ. ಬಣ್ಣ ನೋಡಿ, ಆ ಹೆಸರು ಯಾಕೆ ಬಂತು ಅಂತ ಧಾರವಾಡದವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ನಾವಿಬ್ಬರೂ ಇವತ್ತು ಇಲ್ಲಿಂದ ನವನಗರದ ಕ್ಯಾನ್ಸರ್ ಆಸ್ಪತ್ರೆ ತನಕ ನಡೆಯುತ್ತೇವೆ. ಸುಮಾರು 10 ಕಿಲೋಮೀಟರ್. ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ, ಅದಕ್ಕೆ ಹತ್ತಿರದ ಭಾನುವಾರ ಆರಿಸಿಕೊಂಡೆ. ನಡೆದ ಒಂದೊಂದು ಕಿಲೋಮೀಟರಿಗೆ ಇಷ್ಟು ಅಂತ ಓಣಿಯವರು, ಆಫೀಸಿನವರು, ಕಾಲೇಜಿನ ಗೆಳತಿಯರು ದುಡ್ಡು ಕೊಡಲು ಒಪ್ಪಿದ್ದಾರೆ. ಇಷ್ಟು ಬೇಗ ಹೊರಟಿದ್ದು ಪೇಡೆಗಾಗಿ. ಬಿಸಿಲು ಏರಿದರೆ ಡಾಂಬರು ಕಾಯುತ್ತದೆ, ನಾಯಿಯ ಪಾದ ಸುಡುತ್ತದೆ. ಅಂಗೈ ಹಿಂಬದಿಯನ್ನು ರಸ್ತೆ ಮೇಲೆ ಇಟ್ಟು ನೋಡಿ, ಐದಾರು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನೂ ನಡೆಸಬೇಡಿ.

ನಾಯಿ ಯಾಕೆ ಅಂತ ತುಂಬಾ ಜನ ಕೇಳಿದರು. ಪೇಡೆಗೂ ಕ್ಯಾನ್ಸರ್ ಆಗಿತ್ತು. ಎರಡು ವರ್ಷದ ಹಿಂದೆ ಇವಳು ನಮ್ಮ ಓಣಿಯ ಬೀದಿ ನಾಯಿ. ಕುಳಿತು ಎದ್ದ ಜಾಗದಲ್ಲೆಲ್ಲ ರಕ್ತದ ಹನಿ. ಬಾಲದ ಕೆಳಗೆ ಹೂಕೋಸಿನ ಹಾಗೆ ಒಂದು ಗಡ್ಡೆ. ಅದು ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್, ಕೂಡುವಾಗ ಗಡ್ಡೆಯ ಜೀವಕೋಶಗಳೇ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹೆದರಿಕೊಂಡು ಕೆಲವರು ಇವಳಿಗೆ ಕಲ್ಲು ಹೊಡೆದಿದ್ದರು.

ಔಷಧ ಇತ್ತು. ವಿನ್‌ಕ್ರಿಸ್ಟೀನ್. ನಿತ್ಯಪುಷ್ಪ ಗೊತ್ತಲ್ಲ, ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ, ಅಂಗಳದಲ್ಲಿ ಬೆಳೆದು ದೇವರಿಗೆ ಏರಿಸುತ್ತೇವಲ್ಲ, ಅದೇ ಗಿಡದಿಂದ ಬಂದ ಔಷಧ. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೂ 1960ರ ದಶಕದಿಂದ ಇದನ್ನೇ ಕೊಡುತ್ತಾ ಬಂದಿದ್ದಾರೆ. ಪೇಡೆಗೆ ವಾರಕ್ಕೊಂದರಂತೆ ಐದು ಇಂಜೆಕ್ಷನ್ ಆಯಿತು. ಪ್ರತಿ ಸಲ ಮೊದಲು ರಕ್ತ ಪರೀಕ್ಷೆ, ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಸೂಜಿ. ಮೂರನೇ ವಾರಕ್ಕೆ ಗಡ್ಡೆ ಕಡಲೆ ಕಾಳಿನಷ್ಟಾಯಿತು, ಐದನೆಯದಕ್ಕೆ ಇಲ್ಲವೇ ಇಲ್ಲ. ನಾನು ಒಂದು ವಾರವೂ ತಪ್ಪಿಸಲಿಲ್ಲ. ಪಶು ಆಸ್ಪತ್ರೆ ಮನೆಯಿಂದ ಎರಡು ಕಿಲೋಮೀಟರ್, ಸ್ಕೂಟಿ ಇತ್ತು, ಕೈಯಲ್ಲಿ ಸಂಬಳ ಇತ್ತು.

ದೊಡ್ಡವ್ವನಿಗೆ ಇದ್ಯಾವುದೂ ಇರಲಿಲ್ಲ.

ಸವಣೂರಿನ ಹತ್ತಿರದ ಹಳ್ಳಿ ಅವಳದು. ಎದೆಯ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಕರೆಂಟ್ ಹಿಡಿಸಬೇಕು ಅಂದರು, ನಮ್ಮ ಕಡೆ ರೇಡಿಯೇಷನ್‌ಗೆ ಎಲ್ಲರೂ ಹಾಗೇ ಅನ್ನುವುದು. 25 ಸಲ. ವಾರಕ್ಕೆ ಐದು ದಿನ, ಐದು ವಾರ. ಒಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ, ಆದರೆ ಆ ಕೆಲವು ನಿಮಿಷಕ್ಕೆ ದಿನಾ ಹಳ್ಳಿಯಿಂದ ಬಂದು ಹೋಗಬೇಕು, ಇಲ್ಲಾ ಇಲ್ಲೇ ರೂಮ್ ಮಾಡಿ ಇರಬೇಕು. ಎಲ್ಲಿಗೆ ಕಿರಣ ಬಿಡಬೇಕು ಅಂತ ಅವಳ ಎದೆ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದಿದ್ದರು. ಸ್ನಾನಕ್ಕೆ ಹೋದರೆ ಅಲ್ಲಿ ಒಂದು ಹನಿ ನೀರು ತಾಗಿಸುತ್ತಿರಲಿಲ್ಲ. "ಗೆರಿ ಅಳಿಸಿದ್ರ ಮತ್ತ ಮೊದಲಿಂದ ಹಾಕಬೇಕಾಗತೈತೆ" ಅನ್ನುತ್ತಿದ್ದಳು.

14ನೆಯದಕ್ಕೆ ನಿಂತಿತು. ಬಿತ್ತನೆ ಶುರುವಾಗಿತ್ತು, ದೊಡ್ಡಪ್ಪನ ಕೂಲಿ ಹೋಗಿತ್ತು, ಕೈಗಡ ಕೊಟ್ಟವರು ಕೇಳಲು ಶುರು ಮಾಡಿದ್ದರು. "ಆರಾಮ ಅದೀನಿ, ಸಾಕು" ಅಂದು ಊರಿಗೆ ಹೋದಳು. ನಮಗೆ ತಿಳಿಯುವ ಹೊತ್ತಿಗೆ ತಿಂಗಳು ಕಳೆದಿತ್ತು. ನಡುವೆ ಹಾಗೆ ಬಿಟ್ಟರೆ ಉಳಿದ ಕ್ಯಾನ್ಸರ್ ಮತ್ತೆ ಬೆಳೆಯಲು ಜಾಗ ಸಿಗುತ್ತದೆ. ಅವಳಿಗೆ ಹಾಗೇ ಆಯಿತು. ಎರಡನೇ ವರ್ಷ ಹೋದಳು.

ಅದಕ್ಕೇ ಈ ನಡಿಗೆಯಲ್ಲಿ ಸೇರುವ ದುಡ್ಡು ಔಷಧಕ್ಕೆ ಹೋಗುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ ಪುಕ್ಕಟೆ. ಒಳ್ಳೆಯದಾಯಿತು. ಆದರೆ ರೂಮ್ ಬಾಡಿಗೆ? ಎರಡು ಹೊತ್ತಿನ ಊಟ? ಜೊತೆಗೆ ಬಂದ ಗಂಡನ ಟಿಕೆಟ್, ಅವನು ಕಳೆದುಕೊಂಡ ಕೂಲಿ? ಜನ ಅರ್ಧಕ್ಕೆ ಬಿಡುವುದು ಇಲ್ಲೇ. ನಾವು ನಾಲ್ಕು ಜನ ಸೇರಿ ನೋಡಿಕೊಳ್ಳುವುದು ಇಷ್ಟನ್ನೇ, ಕೊನೆಯ ದಿನದ ತನಕ.

ಇದು ನವಲೂರು. ಪೇರಲ ಹಣ್ಣಿನ ಊರು. ಬುಟ್ಟಿ ಇಟ್ಟುಕೊಂಡು ಕುಳಿತ ಈ ಅಜ್ಜಿ ಪೇಡೆ ಮೈ ಮೇಲಿನ ಬಟ್ಟೆಯಲ್ಲಿ ಏನು ಬರೆದಿದೆ ಅಂತ ಓದಿಸಿಕೊಂಡರು. ಎರಡು ಹಣ್ಣು ಕೊಟ್ಟು ದುಡ್ಡು ಬೇಡ ಅಂದರು, ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಡಬ್ಬಿಗೆ ಹಾಕಿದರು. ಆ ನೋಟು ಎಂಟು ಮಡಿಕೆ ಆಗಿತ್ತು. ನನಗೆ ಮಾತೇ ಬರಲಿಲ್ಲ.

ರಾಯಾಪುರದಲ್ಲಿ ನೆರಳು ನೋಡಿ ಕುಳಿತೆವು, ಪೇಡೆ ಎರಡು ಬಟ್ಟಲು ನೀರು ಕುಡಿದಳು. ನವನಗರ ಮುಟ್ಟಿದಾಗ ಒಂಬತ್ತೂಕಾಲು. ಒಟ್ಟು 38,450 ರೂಪಾಯಿ.

ಇಲ್ಲಿ ನಿಮಗೆ ಬರೀ ಪೇಡೆಯ ಬಾಲ ಕಾಣುತ್ತಿದೆ, ಯಾಕೆಂದರೆ ಕ್ಯಾಮೆರಾ ಕೆಳಗೆ ಇಳಿಸಿದ್ದೆ. ಗೇಟಿನ ಹೊರಗೆ ಕಟ್ಟೆ ಮೇಲೆ ಒಬ್ಬ ಹಿರಿಯರು ಕುಳಿತಿದ್ದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಎದೆ ಮೇಲೆ ಅದೇ ನೀಲಿ ಗೆರೆ. ಪೇಡೆ ಸುಮ್ನೆ ಹೋಗಿ ಅವರ ಮೊಣಕಾಲಿಗೆ ತಲೆ ಇಟ್ಟಳು. ಅವರು ಕಿವಿ ಹಿಂದೆ ಕೆರೆಯುತ್ತಾ ಕುಳಿತರು, ತುಂಬಾ ಹೊತ್ತು. ಎಷ್ಟು ಆಯಿತು ಅಂತ ಕೇಳಿದೆ.

"ಇನ್ನ ಹನ್ನೊಂದು ಉಳದಾವ" ಅಂದರು.

ರೂಮ್ ಎಲ್ಲಿ ಮಾಡಿದ್ದೀರಿ ಅಂತ ಕೇಳಿ, ಅವರ ಪಕ್ಕದಲ್ಲೇ ಕುಳಿತು ಹನ್ನೊಂದು ದಿನದ ಲೆಕ್ಕ ಬರೆದುಕೊಂಡೆ.