ಹಾರ್ಲೆಮ್‌ನ ಡಾಕ್ಟರ್ ಬರೆದ ಎರಡು ಕಾದಂಬರಿಗಳು

ನಮಸ್ಕಾರ. ನೆಲದಡಿಯ ರೈಲಿನಿಂದ ಇಳಿದು ಮೆಟ್ಟಿಲು ಹತ್ತಿ ಮೇಲೆ ಬರುತ್ತಿರುವ ಒಬ್ಬ ಹಳ್ಳಿಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರು ನ್ಯೂಯಾರ್ಕ್, ಬಡಾವಣೆ ಹಾರ್ಲೆಮ್, 135ನೇ ಬೀದಿ. ಅಮೆರಿಕದ ದಕ್ಷಿಣದಲ್ಲಿ ಬಿಳಿಯನೊಬ್ಬನಿಗೆ ಗುಂಡು ಹಾರಿಸಿ, ಪ್ರಾಣ ಉಳಿಸಿಕೊಳ್ಳಲು ಓಡಿಬಂದವನು ಅವನು. ಎತ್ತ ನೋಡಿದರೂ ತನ್ನಂಥ ಕಪ್ಪು ಜನ. ಅಷ್ಟರಲ್ಲಿ ರಸ್ತೆಯ ನಡುವೆ ವಾಹನಗಳನ್ನು ನಿಯಂತ್ರಿಸುತ್ತಿರುವ ಪೊಲೀಸ್ ಕಾಣುತ್ತಾನೆ. ಅವನೂ ಕಪ್ಪು! ಬಿಳಿಯ ಚಾಲಕನನ್ನು ಗದರಿಸುತ್ತಿದ್ದಾನೆ. ಹಳ್ಳಿಗ ಬಾಯಿ ಬಿಟ್ಟುಕೊಂಡು ನಿಂತುಬಿಡುತ್ತಾನೆ.

ಈ ಕಥೆ 1925ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಬಂತು. ಬರೆದವರು ರುಡಾಲ್ಫ್ ಫಿಶರ್. ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದು ಆಗಿನ್ನೂ ವರ್ಷವೂ ತುಂಬಿರಲಿಲ್ಲ. ಮುಂದೆ ಎಕ್ಸ್-ರೇ ತಜ್ಞರಾದರು. ದುಡಿಮೆಯ ನಡುವೆಯೇ ಎರಡು ಕಾದಂಬರಿ ಬರೆದರು. 1928ರ ‘ದಿ ವಾಲ್ಸ್ ಆಫ್ ಜೆರಿಕೊ’ ಹಾರ್ಲೆಮ್‌ನ ಸಿರಿವಂತರನ್ನೂ ಪಿಯಾನೊ ಹೊರುವ ಕೂಲಿಗಳನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ನಿಲ್ಲಿಸಿತು.

ನನಗೆ ಹೆಚ್ಚು ಪ್ರಿಯವಾದದ್ದು ಎರಡನೆಯದು, 1932ರ ‘ದಿ ಕಾಂಜರ್-ಮ್ಯಾನ್ ಡೈಸ್’. ಶವಸಂಸ್ಕಾರದ ಅಂಗಡಿಯ ಮೇಲ್ಮಹಡಿಯಲ್ಲಿ ಕತ್ತಲೆಯ ಕೋಣೆ. ಅಲ್ಲಿ ಭವಿಷ್ಯ ಹೇಳುವ ಆಫ್ರಿಕಾದ ಫ್ರಿಂಬೊ, ಹಾರ್ವರ್ಡ್‌ನಲ್ಲಿ ಓದಿದವನು, ಕುಳಿತಲ್ಲೇ ಸತ್ತಿದ್ದಾನೆ. ಪತ್ತೇದಾರ, ಡಾಕ್ಟರ್, ಶಂಕಿತರು, ಎಲ್ಲರೂ ಕಪ್ಪು ಜನರೇ. ಹಾಗೆ ಬರೆದ ಪತ್ತೇದಾರಿ ಕಾದಂಬರಿ ಅಮೆರಿಕದಲ್ಲಿ ಅದಕ್ಕೂ ಮೊದಲು ಪುಸ್ತಕವಾಗಿ ಬಂದಿರಲಿಲ್ಲ. ರಕ್ತಪರೀಕ್ಷೆಯ ಜಾಡು ಹಿಡಿದು ಕಥೆ ಸಾಗುವಾಗ ಬರೆಯುತ್ತಿರುವುದು ವೈದ್ಯರ ಕೈ ಎಂಬುದು ತಾನಾಗಿ ತಿಳಿಯುತ್ತದೆ.

ಇಂಥವರನ್ನು ಮರೆತದ್ದೇಕೆ? ನನ್ನ ಪ್ರಕಾರ, ಅವರು ನಗಿಸಿದರು, ಕೊಲೆಯ ಒಗಟು ಬಿಡಿಸಿದರು, ಅದಕ್ಕೇ. ಕಪ್ಪು ಜನರ ಸಾಹಿತ್ಯ, ಕಲೆ ಅರಳಿದ ಹಾರ್ಲೆಮ್‌ನ ಆ ಕಾಲವೆಂದರೆ ನಮಗೆ ಕವಿಗಳು ನೆನಪಾಗುತ್ತಾರೆ. ನೋವನ್ನು ಹಾಡಿದವರಿಗೆ ಮಣೆ ಹಾಕುತ್ತೇವೆ. ಅದೇ ನೋವಿನ ಬೀದಿಯಲ್ಲಿ ಜನ ಹೇಗೆ ಹಾಸ್ಯ ಮಾಡುತ್ತಿದ್ದರು, ಹೇಗೆ ಬೈಯುತ್ತಿದ್ದರು ಎಂದು ಕಿವಿಗೊಟ್ಟು ಬರೆದವರನ್ನು ಪಕ್ಕಕ್ಕಿಡುತ್ತೇವೆ. ಇದು ಅನ್ಯಾಯ. ಆ ಬೀದಿಯ ಮಾತು ಕೇಳಬೇಕೆಂದರೆ ನಾನು ಫಿಶರ್ ಅವರನ್ನೇ ತೆರೆಯುತ್ತೇನೆ.

1934ರ ಡಿಸೆಂಬರ್ 26ರಂದು, 37ನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ದಿನವೂ ಕೆಲಸ ಮಾಡಿದ ಎಕ್ಸ್-ರೇ ಕಿರಣಗಳೇ ಅದಕ್ಕೆ ಕಾರಣವಿರಬೇಕು ಎನ್ನುತ್ತಾರೆ. ನಾಲ್ಕು ದಿನ ಮುಂಚೆ, ಅದೇ ನ್ಯೂಯಾರ್ಕ್‌ನಲ್ಲಿ, ಅವರ ಜೊತೆಯ ಕಾದಂಬರಿಕಾರ ವಾಲೇಸ್ ಥರ್ಮನ್ ಕ್ಷಯದಿಂದ ತೀರಿಕೊಂಡಿದ್ದರು, 32ಕ್ಕೇ.

ತಮ್ಮ ಪತ್ತೇದಾರಿ ಕಾದಂಬರಿಯನ್ನು ಫಿಶರ್ ತಾವೇ ನಾಟಕವಾಗಿಸಿದ್ದರು. 1936ರಲ್ಲಿ ಅದು ಹಾರ್ಲೆಮ್‌ನ ಲಫಾಯೆಟ್ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. ಅವರದೇ ಬೀದಿಯ ಜನ ಬಂದು ನೋಡಿದರು. ನೋಡಲು ಅವರಿರಲಿಲ್ಲ.